ಪಟ್ಟಿ ಹೊಡೆದರೆ ದುರಸ್ತಿಯಾಗದು: ಜಾತ್ರೆಯಿಂದ ಬಂದ ಚಕ್ಕಡಿಯನ್ನು ಬಿಚ್ಚಿ ನೋಡಿ

ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳ ಆಸುಪಾಸಿನಲ್ಲಿ ನಮ್ಮ ಉತ್ತರ ಕರ್ನಾಟಕದ ಹಾದಿಗಳಲ್ಲಿ ಚಕ್ಕಡಿಗಳ ಸಾಲು ಕಾಣುತ್ತದೆ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವವರು ಕೆಲವರು, ಮೈಲಾರದ ಕಾರಣಿಕ ಕೇಳಲು ಹೋಗುವವರು ಕೆಲವರು, ಚಿಂಚಲಿಯ ಮಾಯಕ್ಕನಿಗೆ ನಡೆದುಕೊಳ್ಳುವವರು ಮತ್ತೆ ಕೆಲವರು. ಬಸ್ಸು, ಟ್ರ್ಯಾಕ್ಟರು ಎಷ್ಟು ಬಂದರೂ ಹರಕೆಯ ಚಕ್ಕಡಿಯನ್ನು ಬಿಡದ ಮನೆತನಗಳು ಇನ್ನೂ ಇವೆ. ಕಮಾನು ಕಟ್ಟಿ, ಮೇಲೆ ತಾಡಪತ್ರಿ ಹೊದಿಸಿ, ಒಳಗೆ ಹುಲ್ಲು ಹರಡಿ ಕೌದಿ ಹಾಸಿದರೆ ನಾಲ್ಕಾರು ದಿನ ಅದೇ ಮನೆ, ಅದೇ ಮಲಗುವ ಕೋಣೆ. ರೊಟ್ಟಿಯ ಗಂಟು, ಎತ್ತಿನ ಮೇವು, ಮಕ್ಕಳು, ಮುದುಕರು ಎಲ್ಲರ ಭಾರವನ್ನೂ ಹೊರುವುದು ಅದರ ಕೆಳಗಿನ ನಾಲ್ಕಾರು ಮರಗಳು.

ಜಾತ್ರೆ ಮುಗಿಸಿ ಊರಿಗೆ ಬಂದ ಮೇಲೆ ನಾವು ಮಾಡುವುದೇನು? ಎತ್ತುಗಳ ಮೈ ತೊಳೆಯುತ್ತೇವೆ, ಕೊಂಬಿಗೆ ಎಣ್ಣೆ ಸವರುತ್ತೇವೆ, ಎರಡು ದಿನ ವಿಶ್ರಾಂತಿ ಕೊಡುತ್ತೇವೆ. ಇದು ಸರಿಯಾದ ಕೆಲಸವೇ. ಆದರೆ ಚಕ್ಕಡಿಯನ್ನು ಮಾತ್ರ ಬೇವಿನ ಗಿಡದ ಕೆಳಗೆ ನೂಕಿ ಮರೆತುಬಿಡುತ್ತೇವೆ. ಮತ್ತೆ ಅದರ ನೆನಪಾಗುವುದು ಹೊಲಕ್ಕೆ ಗೊಬ್ಬರ ಹೇರುವ ದಿನ, ಇಲ್ಲವೇ ಮುಂದಿನ ಜಾತ್ರೆಯ ಹಿಂದಿನ ದಿನ. ಆಗ ಬಡಿಗರನ್ನು ಅವಸರದಿಂದ ಕರೆಯಿಸಿ, ಸೀಳು ಬಿಟ್ಟಲ್ಲಿ ಒಂದು ಕಬ್ಬಿಣದ ಪಟ್ಟಿ ಹೊಡೆಸಿ, ಮೇಲೊಂದು ಕೈ ಬಣ್ಣ ಬಳಿಸಿ, ದುರಸ್ತಿಯಾಯಿತೆಂದು ಸಮಾಧಾನಪಡುತ್ತೇವೆ. ಇದು ದುರಸ್ತಿಯಲ್ಲ, ಗಾಯವನ್ನು ತೊಳೆಯದೆ ಬಟ್ಟೆ ಸುತ್ತಿದಂತೆ. ಈ ಮಾತನ್ನು ನಾನು ಬೇರೆಯವರನ್ನು ದೂರಲು ಬರೆಯುತ್ತಿಲ್ಲ. ನಾನೇ ಮಾಡಿ, ನಾನೇ ಉಂಡ ಪಾಠವಿದು.

2011ರ ಭರತ ಹುಣ್ಣಿಮೆಯ ಮಾತು. ಗುಡ್ಡಕ್ಕೆ ಹೊರಡುವ ಮೂರು ದಿನ ಮೊದಲು ನಮ್ಮ ಊರಿನ ಹಿರಿಯ ಬಡಿಗರನ್ನು ಕರೆದು ಚಕ್ಕಡಿ ತೋರಿಸಿದೆ. ಬಲಗಡೆಯ ಉದ್ದಮರದಲ್ಲಿ, ಅಚ್ಚಿನ ಹತ್ತಿರ, ಹಿಂದೆ ಹೊಡೆಸಿದ ಪಟ್ಟಿಯ ಬದಿಯಲ್ಲಿ ಕೂದಲೆಳೆಯಂಥ ಸೀಳು ಕಾಣುತ್ತಿತ್ತು. ಅವರು ದಬ್ಬಣದಿಂದ ಚುಚ್ಚಿ ನೋಡಿ, "ತಮ್ಮಾ, ಇದನ್ನ ಬಿಚ್ಚಿ ನೋಡಬೇಕು. ಮ್ಯಾಲೆ ಪಟ್ಟಿ ಹೊಡದ್ರ ಒಳಗಿನ ಹುಳುಕು ಹೋಗೂದಿಲ್ಲ" ಎಂದರು. ನಾನು, "ಕಾಕಾ, ಈಗ ಹೊತ್ತಿಲ್ಲ. ಇನ್ನೊಂದು ಪಟ್ಟಿ ಹೊಡೀರಿ, ಜಾತ್ರಿ ಮುಗಿಸಿಕೊಂಡು ಬಂದ ಮ್ಯಾಲೆ ಬಿಚ್ಚೂಣು" ಎಂದೆ. ಅವರು ಮರುಮಾತಾಡಲಿಲ್ಲ. ಹೊಡೆದುಕೊಟ್ಟರು.

ಸವದತ್ತಿ ದಾಟಿ ಜೋಗುಳಬಾವಿಯ ಕಡೆ ಹೋಗುವಾಗ ಬಲಗಾಲಿ ಒಂದು ಕೊರಕಲಿಗೆ ಇಳಿಯಿತು. ದೊಡ್ಡ ಕೊರಕಲೇನಲ್ಲ, ಅಂಥ ನೂರು ಕೊರಕಲುಗಳನ್ನು ನಾವು ದಾಟಿ ಬಂದಿದ್ದೆವು. ಆದರೆ ಅಲ್ಲಿ ಮರ ಸಪ್ಪಳ ಮಾಡಿತು. ಉದ್ದಮರ ಮುರಿದು ಚಕ್ಕಡಿ ಬಲಕ್ಕೆ ವಾಲಿತು. ಕಮಾನು ಕಿತ್ತು ಒಳಗಿದ್ದವರ ಮೇಲೆ ಬಿತ್ತು. ನಮ್ಮವ್ವನ ಮುಂಗೈ ಮುರಿಯಿತು. ನೊಗ ತಿರುಚಿಕೊಂಡು ಬಲಗಡೆಯ ಎತ್ತು ಮುಗ್ಗರಿಸಿ ಬಿದ್ದು ಮುಂಗಾಲು ಮುರಿದುಕೊಂಡಿತು. ಅವ್ವನ ಕೈ ಕೂಡಿತು. ಎತ್ತು ಮಾತ್ರ ಮತ್ತೆ ನೊಗ ಹೊರಲಿಲ್ಲ. ಅದನ್ನು ಮಾರಲು ಮನಸ್ಸು ಬಾರದೆ ಸಾಯುವ ತನಕ ಗೋದಲಿಯಲ್ಲಿ ಕಟ್ಟಿ ಮೇಯಿಸಿದೆ. ದಿನವೂ ಅದರ ಕುಂಟು ನೋಡುತ್ತಿದ್ದೆ.

ಮುರಿದ ಮರವನ್ನು ಊರಿಗೆ ತಂದು ನೋಡಿದಾಗ ಹೊರಗೆ ಅರ್ಧ ಇಂಚು ಮಾತ್ರ ಗಟ್ಟಿ ಇತ್ತು. ಒಳಗೆ ಕಪ್ಪಾಗಿ, ಹಿಡಿದರೆ ಪುಡಿಯಾಗುವಂತಿತ್ತು. ಅದರ ಮೇಲೆ ನಾಲ್ಕು ಪಟ್ಟಿಗಳಿದ್ದವು. ನಾಲ್ಕನ್ನೂ ನಾನೇ ಹೊಡೆಸಿದ್ದು.

ರಸ್ತೆ ಕೆಟ್ಟದ್ದು, ಅದಕ್ಕೆ ಚಕ್ಕಡಿ ಮುರಿಯಿತು ಎಂದು ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ರಸ್ತೆಯ ತಪ್ಪು ಇಲ್ಲವೆಂದಲ್ಲ. ನಮ್ಮ ಎರೆಭೂಮಿ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಬಿರಿಯುತ್ತದೆ. ಹಸಿಯಿದ್ದಾಗ ಗಾಲಿ ಕೊರೆದ ಜಾಡು ಪುಷ್ಯ ಮಾಘದ ಹೊತ್ತಿಗೆ ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಒಂದು ಗಾಲಿ ಜಾಡಿನಲ್ಲಿ, ಇನ್ನೊಂದು ದಿಬ್ಬದ ಮೇಲೆ. ಎಷ್ಟೋ ಕಡೆ ಜಲ್ಲಿ ಹರಡಿ ರೋಲರು ಹೊಡೆಯದೆ ಬಿಟ್ಟಿರುತ್ತಾರೆ. ಅಲ್ಲಿ ಒಂದು ಗಾಲಿ ಕಲ್ಲಿಗೆ ತಡೆದು ನಿಂತಾಗ ಇನ್ನೊಂದು ಮುಂದೆ ಸಾಗುತ್ತದೆ. ಆಗ ಚೌಕಟ್ಟು ಮೂಲೆಯಿಂದ ಮೂಲೆಗೆ ಎಳೆದಂತಾಗಿ ಸೊಟ್ಟಗಾಗುತ್ತದೆ. ಪ್ರತಿ ಸಾರಿಯೂ ಕೀಲುಗಳು ಸ್ವಲ್ಪ ಸ್ವಲ್ಪ ಸಡಿಲಗೊಳ್ಳುತ್ತವೆ. ಅಲುಗಾಡುವ ಹಲ್ಲಿನ ಹಾಗೆ, ಒಮ್ಮೆ ಸಡಿಲಾಯಿತೆಂದರೆ ಮುಂದಿನ ಪ್ರತಿ ಅಲುಗಾಟವೂ ಅದನ್ನು ಇನ್ನಷ್ಟು ಸಡಿಲಿಸುತ್ತದೆ.

ಆದರೆ ರಸ್ತೆ ಸಡಿಲಿಸುತ್ತದೆ ಅಷ್ಟೆ, ಮರವನ್ನು ಕೊಲ್ಲುವುದು ನೀರು. ಒಣಗಿದ ಮರ ಕೊಳೆಯುವುದಿಲ್ಲ. ಮರದಲ್ಲಿ ನೀರಿನ ಅಂಶ ನೂರಕ್ಕೆ 20ರ ಒಳಗಿದ್ದರೆ ಕೊಳೆಸುವ ಬೂಷ್ಟು ಅದರಲ್ಲಿ ಬದುಕಲಾರದು. ಬಿಸಿಲಿಗೂ ಗಾಳಿಗೂ ತೆರೆದುಕೊಂಡ ಮರ ನೆನೆದರೂ ಬೇಗ ಆರುತ್ತದೆ. ಸಡಿಲಗೊಂಡ ಕೀಲಿನೊಳಗೆ ಹೊಕ್ಕ ನೀರು ಆರುವುದಿಲ್ಲ. ಪಟ್ಟಿಯ ಕೆಳಗೆ ಹೊಕ್ಕ ನೀರಂತೂ ವಾರಗಟ್ಟಲೆ ಅಲ್ಲಿಯೇ ಕೂರುತ್ತದೆ. ನಮ್ಮ ಚಕ್ಕಡಿಗಳಿಗೆ ಹೆಚ್ಚಾಗಿ ಬಳಸುವ ಕರಿಜಾಲಿಯಲ್ಲಿ ಒಗರು ಬಹಳ. ಚರ್ಮ ಹದ ಮಾಡಲು ಅದರ ತೊಗಟೆ ಬಳಸುವುದು ಈ ಒಗರಿಗಾಗಿಯೇ. ಒಗರು, ನೀರು, ಕಬ್ಬಿಣ ಮೂರೂ ಕೂಡಿದರೆ ಮರ ಕಪ್ಪಾಗುತ್ತದೆ, ಮೊಳೆ ತುಕ್ಕು ಹಿಡಿದು ಉಬ್ಬುತ್ತದೆ, ಮೊಳೆಯ ಸುತ್ತಲಿನ ಮರ ಬಲ ಕಳೆದುಕೊಳ್ಳುತ್ತದೆ. ಮೊಳೆಯ ಸುತ್ತ ಕಪ್ಪು ಕಂಡರೆ ಅದನ್ನು ಹೊಲಸೆಂದು ಒರೆಸಿಬಿಡಬೇಡಿ. ಅದು ರೋಗದ ಗುರುತು.

ಪಟ್ಟಿಯ ಇನ್ನೊಂದು ಕೆಡುಕನ್ನೂ ತಿಳಿಯಬೇಕು. ಮರ ಬಾಗುತ್ತದೆ, ಕಬ್ಬಿಣ ಅಷ್ಟು ಬಾಗುವುದಿಲ್ಲ. ಪಟ್ಟಿ ಇದ್ದಷ್ಟು ದೂರ ಮರ ಬಿಗಿಯಾಗಿರುತ್ತದೆ, ಪಟ್ಟಿ ಮುಗಿದಲ್ಲಿ ಎಲ್ಲ ಜಗ್ಗಾಟವೂ ಬಂದು ಸೇರುತ್ತದೆ. ಮೇಲಾಗಿ ಮೊಳೆಗಳನ್ನು ಮರದ ಒಂದೇ ಎಳೆಯ ಗುಂಟ ಸಾಲಾಗಿ ಹೊಡೆದರೆ ನಾವೇ ಅಲ್ಲಿ ಸೀಳು ಗೆರೆ ಎಳೆದು ಕೊಟ್ಟಂತೆ. ನಮ್ಮ ಚಕ್ಕಡಿ ಮುರಿದದ್ದು ಪಟ್ಟಿಯ ನಡುವೆ ಅಲ್ಲ, ಪಟ್ಟಿಯ ತುದಿಯಲ್ಲಿ.

ಹಾಗಾದರೆ ನೋಡುವುದು ಹೇಗೆ? ಇದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ಭಾಗಗಳ ಹೆಸರು ಊರಿನಿಂದ ಊರಿಗೆ ಬೇರೆಯಾದ್ದರಿಂದ ನಾನು ಇಲ್ಲಿ ಉದ್ದಮರ, ಅಡ್ಡಮರ ಎಂದಷ್ಟೇ ಬರೆದಿದ್ದೇನೆ.

ಮೊದಲು ಚಕ್ಕಡಿಯನ್ನು ಬರಿದು ಮಾಡಿ, ಕಮಾನು ಇಳಿಸಿ, ಹಲಗೆಗಳನ್ನು ತೆಗೆದು, ಮಣ್ಣು ತೊಳೆದು ಎರಡು ದಿನ ಒಣಗಲು ಬಿಡಿ. ಮಣ್ಣು ಮೆತ್ತಿದ ಮರದ ಸೀಳು ಕಣ್ಣಿಗೆ ಬೀಳದು.

ಎರಡನೆಯದು ಹಗ್ಗದ ಪರೀಕ್ಷೆ. ಚಕ್ಕಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ನೊಗ ಕಟ್ಟುವ ನಡುಜಾಗದಿಂದ ಎಡಗಾಲಿಯ ಕೀಲಿನವರೆಗೆ ಹಗ್ಗ ಹಿಡಿದು ಗಂಟು ಹಾಕಿ. ಅದೇ ಹಗ್ಗವನ್ನು ಬಲಗಾಲಿಯ ಕೀಲಿಗೆ ಹಿಡಿಯಿರಿ. ಎರಡೂ ಸಮ ಬರಬೇಕು. ಹಾಗೆಯೇ ಹಲಗೆ ಕೂರುವ ಚೌಕಟ್ಟನ್ನು ಮೂಲೆಯಿಂದ ಎದುರು ಮೂಲೆಗೆ ಎರಡೂ ಕಡೆ ಅಳೆಯಿರಿ. ಒಂದು ಬೆರಳಿನ ಅಂತರ ಬಂದರೆ ಚಿಂತೆಯಿಲ್ಲ. ಎರಡು ಬೆರಳು ದಾಟಿದರೆ ಚೌಕಟ್ಟು ಸೊಟ್ಟಗಾಗಿದೆ, ಎಲ್ಲೋ ಕೀಲು ಬಿಟ್ಟಿದೆ ಎಂದೇ ತಿಳಿಯಿರಿ. ಎತ್ತುಗಳೂ ಇದನ್ನು ಹೇಳುತ್ತವೆ. ಪ್ರತಿ ಸಲವೂ ಒಂದೇ ಎತ್ತಿನ ಹೆಗಲು ಹುಣ್ಣಾಗುತ್ತಿದ್ದರೆ ನಾವು ಎತ್ತನ್ನು ಬಯ್ಯುತ್ತೇವೆ, ನೊಗಕ್ಕೆ ಅರಿವೆ ಸುತ್ತುತ್ತೇವೆ. ಅಚ್ಚು ಓರೆಯಾಗಿ ಚಕ್ಕಡಿ ಒಂದು ಕಡೆಗೇ ಎಳೆಯುತ್ತಿರಬಹುದು ಎಂಬುದು ಹೊಳೆಯುವುದಿಲ್ಲ.

ಮೂರನೆಯದು ದಬ್ಬಣ ಮತ್ತು ಸುತ್ತಿಗೆ. ಕೀಲು ಕೀಲಿಗೂ ದಬ್ಬಣ ಚುಚ್ಚಿರಿ. ಗಟ್ಟಿ ಮರ ದಬ್ಬಣವನ್ನು ತಡೆಯುತ್ತದೆ, ಕೊಳೆತದ್ದು ಒಳಗೆ ಬಿಟ್ಟುಕೊಳ್ಳುತ್ತದೆ. ಸಣ್ಣ ಸುತ್ತಿಗೆಯಿಂದ ತಟ್ಟಿರಿ. ಗಟ್ಟಿ ಮರದ ಸಪ್ಪಳ ಖಣಿ ಎನ್ನುತ್ತದೆ, ಹುಳುಕು ಮರದ್ದು ಮಂದ. ಅಚ್ಚನ್ನು ಬಿಗಿದ ಜಾಗ, ಬೋಲ್ಟಿನ ತೂತುಗಳು, ಕಮಾನಿನ ಬುಡ, ಉದ್ದಮರಕ್ಕೆ ಅಡ್ಡಮರ ಸೇರುವ ಕಡೆ, ಇವನ್ನು ಬಿಡಬೇಡಿ. ಹಳೆಯ ಪಟ್ಟಿಗಳಿದ್ದರೆ ಕಿತ್ತು ತೆಗೆದೇ ನೋಡಬೇಕು.

ಇನ್ನು ದುರಸ್ತಿ. ಅದನ್ನು ಮಾಡಬೇಕಾದವರು ಬಡಿಗರು. ಆದರೆ ಏನು ಮಾಡಿಸಬೇಕೆಂಬುದು ಮಾಲೀಕನಿಗೂ ಗೊತ್ತಿರಬೇಕು. ಕೊಳೆತ ಮರವನ್ನು ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ ತೆಗೆಯಲೇಬೇಕು, ಅದರ ಮೇಲೆ ಕರುಣೆ ಬೇಡ. ಸೀಳು ಮಾತ್ರವಿದ್ದು ಮರ ಗಟ್ಟಿಯಾಗಿದ್ದರೆ ಪಕ್ಕದಲ್ಲಿ ಅಷ್ಟೇ ಎತ್ತರದ ಜೋಡಿಮರ ಕೊಟ್ಟು ಬೋಲ್ಟು ಬಿಗಿಯಬಹುದು. ಆ ಜೋಡಿಮರ ಸೀಳಿನ ಎರಡೂ ಕಡೆ ಕನಿಷ್ಠ ಒಂದೂವರೆ ಮೊಳ ಸಾಗಬೇಕು. ಗೇಣುದ್ದದ ತುಂಡು ಪ್ರಯೋಜನವಿಲ್ಲ. ಮರಕ್ಕೆ ಮರ ಕೂಡಿಸುವುದಾದರೆ ನೇರ ಕತ್ತರಿಸಿ ಒತ್ತಿಟ್ಟರೆ ಸಾಲದು, ಓರೆಯಾಗಿ ಸೀಳಿ ಒಂದರ ಮೇಲೊಂದು ಕೂರಿಸಬೇಕು. ಆ ಓರೆಯ ಉದ್ದ ಮರದ ದಪ್ಪದ 8 ಪಟ್ಟಿಗೆ ಕಡಿಮೆಯಾಗಬಾರದು. ನಾಲ್ಕು ಇಂಚಿನ ಮರಕ್ಕೆ 32 ಇಂಚಿನ ಓರೆ. ಈ ಕೂಡಿಕೆ ಅಚ್ಚಿನ ಮೇಲೆ ಬರಕೂಡದು, ಏಕೆಂದರೆ ಎಲ್ಲಕ್ಕಿಂತ ಹೆಚ್ಚು ಜಗ್ಗಾಟ ಬೀಳುವುದು ಅಲ್ಲಿಯೇ. ಅಚ್ಚಿನ ಹತ್ತಿರ ಮರ ಕೊಳೆತಿದ್ದರೆ ಇಡೀ ಉದ್ದಮರವನ್ನೇ ಬದಲಿಸುವುದು ಲೇಸು.

ಬೋಲ್ಟಿನ ವಿಷಯದಲ್ಲಿ ನಾವು ಬಹಳ ತಪ್ಪು ಮಾಡುತ್ತೇವೆ. ಮರದ ತುದಿಯಿಂದ ಬೋಲ್ಟಿನ ದಪ್ಪದ 7 ಪಟ್ಟು ಒಳಗೆ ತೂತು ಬರಬೇಕು. ಅರ್ಧ ಇಂಚಿನ ಬೋಲ್ಟಿಗೆ ಮೂರೂವರೆ ಇಂಚು. ತೂತುಗಳು ಒಂದೇ ಎಳೆಯ ಮೇಲೆ ಸಾಲಾಗಿರದೆ ಒಂದು ಮೇಲೆ ಒಂದು ಕೆಳಗೆ ಇರಬೇಕು. ಅಗಲವಾದ ವಾಷರು ಹಾಕಬೇಕು, ಇಲ್ಲವಾದರೆ ಬೋಲ್ಟಿನ ತಲೆ ಮರದೊಳಗೆ ಇಳಿದುಬಿಡುತ್ತದೆ. ಎರಡು ಮೂರು ತಿಂಗಳಿಗೆ ಮರ ಕುಗ್ಗಿರುತ್ತದೆ, ಆಗ ಒಮ್ಮೆ ಪಾನ ಹಿಡಿದು ಬಿಗಿಯಬೇಕು.

ಅಚ್ಚು ಕೂರಲೆಂದು ಉದ್ದಮರಕ್ಕೆ ಕಚ್ಚು ಹೊಡೆಯುವವರಿದ್ದಾರೆ. ಇದರ ಲೆಕ್ಕ ಕೇಳಿ. ಮರದ ಬಲ ಅದರ ಎತ್ತರದ ವರ್ಗದಂತೆ ಇರುತ್ತದೆ. ನಾಲ್ಕು ಇಂಚು ಎತ್ತರದ ಮರದ ಬಲ ನಾಲ್ಕು ನಾಲ್ಕಲೆ 16 ಎಂದಿಟ್ಟುಕೊಂಡರೆ, ಒಂದು ಇಂಚು ಕಚ್ಚು ತೆಗೆದ ಮೇಲೆ ಉಳಿಯುವುದು ಮೂರು ಮೂರಲೆ 9. ಕಾಲು ಭಾಗ ಮರ ತೆಗೆದದ್ದಕ್ಕೆ ಅರ್ಧಕ್ಕೆ ಹತ್ತಿರ ಬಲ ಹೋಯಿತು. ಕಚ್ಚು ಹೊಡೆಯುವ, ತೂತು ಕೊರೆಯುವ ಬದಲು ಮರವನ್ನು ಎರಡೂ ಬದಿಯಿಂದ ಬಳಸಿ ಹಿಡಿಯುವ ಯು ಬೋಲ್ಟು ಹಾಕಿಸಿದರೆ ಮರ ಇಡಿಯಾಗಿ ಉಳಿಯುತ್ತದೆ.

ಚೌಕಟ್ಟು ಮತ್ತೆ ಸೊಟ್ಟಗಾಗದಿರಲು ಮೂಲೆಯಿಂದ ಮೂಲೆಗೆ ಓರೆಪಟ್ಟಿ ಕೊಡಿಸಿ. ನಾಲ್ಕು ಮರದ ಚೌಕ ಅತ್ತಿತ್ತ ವಾಲುತ್ತದೆ, ಮೂರು ಮರದ ತ್ರಿಕೋನ ವಾಲುವುದಿಲ್ಲ. ಹೊಲದ ಗೇಟಿಗೆ ಓರೆಪಟ್ಟಿ ಹಾಕಿಸುವ ನಾವು ಚಕ್ಕಡಿಗೆ ಮಾತ್ರ ಅದನ್ನು ಮರೆಯುತ್ತೇವೆ. ಕಮಾನಿಗೂ ಇದೇ ಮಾತು. ದಾರಿಯುದ್ದಕ್ಕೂ ತೂಗಾಡುವ ಕಮಾನು ಬುಡದ ಕೀಲನ್ನು ಸನ್ನೆಕೋಲಿನಂತೆ ಮೀಟುತ್ತಿರುತ್ತದೆ. ಎರಡೂ ಬದಿಗೆ ಓರೆಯಾಗಿ ಹಗ್ಗ ಜಗ್ಗಿ ಕಟ್ಟಿದರೂ ಸಾಕು, ಬುಡ ಉಳಿಯುತ್ತದೆ. ತಾಡಪತ್ರಿಯ ನೀರು ಕಮಾನಿನ ಬುಡಕ್ಕೆ ಇಳಿಯದೆ ಹೊರಗೆ ಸುರಿಯುವಂತೆ ಕಟ್ಟಬೇಕು.

ಮರ ಯಾವುದು ಎಂದು ಕೇಳುವಿರಿ. ಮತ್ತಿ, ಹೊನ್ನೆ, ದಿಂಡಿಗ, ಕರಿಜಾಲಿ ಯಾವುದಾದರೂ ಆಗಲಿ, ಹಸಿ ಮರ ಮಾತ್ರ ಬೇಡ. ಹಸಿ ಮರ ಆರಿದಂತೆ ಅಡ್ಡಕ್ಕೆ ಕುಗ್ಗುತ್ತದೆ, ಇಂದು ಬಿಗಿಯಾದ ಕೀಲು ನಾಲ್ಕು ತಿಂಗಳಿಗೆ ಗಲಗಲ ಎನ್ನುತ್ತದೆ. ಕೊಯ್ಸಿದ ಮರವನ್ನು ನೆರಳಿನಲ್ಲಿ, ಗಾಳಿಯಾಡುವಂತೆ ನಡುವೆ ರಿಪೀಸು ಕೊಟ್ಟು ಒಂದು ವರ್ಷವಾದರೂ ಇಡಿ. ಕೂಡಿಸುವ ಮೊದಲು ಒಳಮೈಗೆ, ವಿಶೇಷವಾಗಿ ಮರದ ತುದಿಗಳಿಗೆ, ಅಗಸೆ ಎಣ್ಣೆ ಕುಡಿಸಿ. ಕೂಡಿಸಿದ ಮೇಲೆ ಬಣ್ಣ ಬಳಿದರೆ ಒಳಮೈಗೆ ಏನೂ ತಲುಪುವುದಿಲ್ಲ.

ಈಗ ಟಯರಿನ ಮಾತು. ಕಬ್ಬಿಣದ ಹಳಿಯ ಗಾಲಿ ತೆಗೆದು ರಬ್ಬರು ಟಯರು ಹಾಕಿಸಿದವರು ಕುಲುಕಾಟ ತಗ್ಗಿತೆಂದು ಸಂತೋಷಪಡುತ್ತಾರೆ. ಕುಲುಕಾಟ ತಗ್ಗಿದ್ದು ನಿಜ. ಆದರೆ ಎಳೆಯಲು ಹಗುರಾಯಿತೆಂದು ಹೇರು ಹೆಚ್ಚಾಯಿತು. ಗಾಲಿ ಹೊಸದು, ಅಚ್ಚು ಹೊಸದು, ಮೇಲಿನ ಮರ ಮಾತ್ರ ಅಜ್ಜನ ಕಾಲದ್ದು. ಟಯರು ಹಾಕಿಸುವ ದಿನವೇ ಉದ್ದಮರಗಳನ್ನೂ ಪರೀಕ್ಷಿಸಬೇಕು.

ಇಷ್ಟೆಲ್ಲ ಏಕೆ, ಟ್ರ್ಯಾಕ್ಟರು ಬಂದಿರುವಾಗ ಚಕ್ಕಡಿ ಎಷ್ಟು ದಿನ ಎಂದು ನಮ್ಮ ಹುಡುಗರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಚಕ್ಕಡಿ ಬೇಡವೆನ್ನುವವರು ಬಿಡಲಿ, ಅದರಲ್ಲಿ ಅವಮಾನವಿಲ್ಲ. ಆದರೆ ಇಟ್ಟುಕೊಂಡವರು ಅರ್ಧ ಮನಸ್ಸಿನಿಂದ ಇಟ್ಟುಕೊಳ್ಳಬಾರದು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು 1970ರ ದಶಕದಲ್ಲಿಯೇ ಎತ್ತಿನ ಗಾಡಿ ಸುಧಾರಿಸಬೇಕು, ಎತ್ತುಗಳ ಯಾತನೆ ತಗ್ಗಬೇಕು ಎಂದು ದೇಶಕ್ಕೆಲ್ಲ ಸಾರಿ ಹೇಳಿದರು. ಎತ್ತುಗಳನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸಬಾರದೆಂಬ ನಿಯಮವೂ 1965ರಲ್ಲಿ ಬಂದಿದೆ. ಎತ್ತು ನಿಂತ ಆ ಹೊತ್ತಿನಲ್ಲಿ ನಾವು ಒಮ್ಮೆ ಬಗ್ಗಿ ಕೀಲು, ಬೋಲ್ಟುಗಳನ್ನು ಮುಟ್ಟಿ ನೋಡಿದರೆ ಎರಡೂ ಕೆಲಸವಾದಂತೆ.

ಪೂರ್ತಿ ಕಬ್ಬಿಣದ ಚಕ್ಕಡಿಯನ್ನೇ ಮಾಡಿಸುತ್ತೇವೆ ಎನ್ನುವವರಿಗೂ ನನ್ನ ವಿರೋಧವಿಲ್ಲ. ಆದರೆ ಮರದ ಚಕ್ಕಡಿಗೆ ಒಂದು ದೊಡ್ಡ ಗುಣವಿದೆ. ಊರಿನಲ್ಲಿಯೇ, ಬಾಚಿ ಉಳಿಗಳಿಂದಲೇ, ಕೆಟ್ಟ ಭಾಗವನ್ನಷ್ಟೇ ತೆಗೆದು ಹೊಸದು ಕೂಡಿಸಬಹುದು. ಹೀಗೆ ಕಾಲಕಾಲಕ್ಕೆ ಒಂದೊಂದೇ ಮರ ಬದಲಿಸುತ್ತ ಹೋದರೆ ಒಂದು ಚಕ್ಕಡಿ ಎರಡು ತಲೆಮಾರು ಬಾಳುತ್ತದೆ. ಬಿಚ್ಚದೆ ಪಟ್ಟಿ ಹೊಡೆಯುವವನು ಈ ಗುಣವನ್ನೇ ಕಳೆಯುತ್ತಾನೆ. ಒಂದು ಮರದ ರೋಗ ಪಕ್ಕದ ಮರಕ್ಕೆ ಹಬ್ಬಿ, ಕೊನೆಗೆ ಇಡೀ ಚಕ್ಕಡಿ ಒಲೆಗೆ ಹೋಗುತ್ತದೆ. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಎತ್ತುವ ಪ್ರಸಂಗ ತಂದುಕೊಳ್ಳುವವರು ನಾವೇ.

ಕೊನೆಯ ಮಾತು ಬಡಿಗರದು. ಹಿಂದೆ ರಾಶಿಯ ಕಾಲಕ್ಕೆ ಕಣಕ್ಕೆ ಬಂದ ಬಡಿಗರಿಗೆ, ಕಮ್ಮಾರರಿಗೆ ಆಯ ಅಳೆದು ಕೊಡುತ್ತಿದ್ದೆವು. ವರ್ಷವಿಡೀ ಚಕ್ಕಡಿಯ ಮೇಲೆ ಅವರ ಕಣ್ಣಿರುತ್ತಿತ್ತು. ಈಗ ಆಯವಿಲ್ಲ, ಹೊತ್ತಿಗೆ ಬಂದು ಹೊತ್ತಿಗೆ ಕೂಲಿ. ಅದರಲ್ಲೂ ಚೌಕಾಶಿ. ಬಿಚ್ಚಿ ಕೂಡಿಸಲು ಎರಡು ಮೂರು ದಿನದ ಕೂಲಿ ಬೇಕು, ಪಟ್ಟಿ ಹೊಡೆಯಲು ಒಂದು ತಾಸು ಸಾಕು. ಒಂದು ತಾಸಿನ ಕೂಲಿ ಕೊಟ್ಟು ಮೂರು ದಿನದ ಕೆಲಸದ ಬಾಳಿಕೆ ಕೇಳುವುದು ನ್ಯಾಯವಲ್ಲ. ಬಿಚ್ಚಿ ನೋಡಬೇಕೆಂದು ಹೇಳುವ ಬಡಿಗರು ಹೆಚ್ಚು ಕೂಲಿಗೆ ಆಸೆಪಟ್ಟು ಹೇಳುತ್ತಾರೆ ಎಂದು ನಾನೂ ಅಂದುಕೊಂಡಿದ್ದೆ. ಅವರ ಮಾತು ಕೇಳಿದ್ದರೆ ನನಗೆ ಖರ್ಚಾಗುತ್ತಿದ್ದುದು ಒಂದು ಉದ್ದಮರ ಮತ್ತು ಮೂರು ದಿನದ ಕೂಲಿ. ಕೇಳದ್ದರಿಂದ ಹೋದದ್ದು ಒಂದು ಜೋಡಿ ಎತ್ತು. ಒಂದು ಎತ್ತು ಕುಂಟಾದರೆ ಇನ್ನೊಂದಕ್ಕೆ ಜೋಡಿ ಸಿಗುವುದು ಎಷ್ಟು ಕಷ್ಟವೆಂಬುದನ್ನು ರೈತ ಬಾಂಧವರಿಗೆ ನಾನು ಹೇಳಬೇಕಾಗಿಲ್ಲ.

ಆದ್ದರಿಂದ ನನ್ನ ಸೂಚನೆ ಇಷ್ಟೇ. ಜಾತ್ರೆಯಿಂದ ಬಂದ ವಾರದೊಳಗೆ ಚಕ್ಕಡಿಯನ್ನು ಬಿಚ್ಚಿ ನೋಡಿ. ಶಿವರಾತ್ರಿಯಿಂದ ಯುಗಾದಿಯವರೆಗಿನ ಕಾಲ ಇದಕ್ಕೆ ಹೇಳಿ ಮಾಡಿಸಿದ್ದು. ಮರ ಒಣಗಿರುತ್ತದೆ, ಹೊಲದ ಕೆಲಸ ಕಡಿಮೆ, ಬಡಿಗರಿಗೂ ಬಿಡುವು, ಮುಂಗಾರಿಗೆ ಇನ್ನೂ ಸಮಯವಿದೆ. ಜೊತೆಯಾಗಿ ಜಾತ್ರೆಗೆ ಹೋದ ಹತ್ತು ಮನೆಯವರು ಕೂಡಿ, ಒಂದು ದಿನ ಗೊತ್ತುಮಾಡಿ, ಬಡಿಗರನ್ನು ಕರೆದು ಹತ್ತೂ ಚಕ್ಕಡಿಗಳನ್ನು ಒಟ್ಟಿಗೆ ನೋಡಿಸಿದರೆ ಇನ್ನೂ ಒಳ್ಳೆಯದು. ಒಬ್ಬರ ಚಕ್ಕಡಿಯ ಹುಳುಕು ಇನ್ನೊಬ್ಬರ ಕಣ್ಣಿಗೆ ಬೇಗ ಬೀಳುತ್ತದೆ.

ನಮ್ಮೂರಿನ ಆ ಹಿರಿಯ ಬಡಿಗರು ಈಗಿಲ್ಲ. ಅವರ ಮಗ ಬಾಚಿ ಹಿಡಿದಿದ್ದಾನೆ. ಪ್ರತಿ ವರ್ಷ ಗುಡ್ಡದಿಂದ ಬಂದ ಮೇಲೆ ಅವನಿಗೆ ನಾನೇ ಹೋಗಿ ಹೇಳಿ ಬರುತ್ತೇನೆ. ಅವನು ದಬ್ಬಣ ಹಿಡಿದು ಬಂದು ಏನು ಹೇಳಿದರೂ, ಎಷ್ಟು ದಿನ ಹಿಡಿದರೂ, ನಾನು ಈಗ ಹೊತ್ತಿಲ್ಲ ಎನ್ನುವುದಿಲ್ಲ.